ಬೆಂಚಿನ ಕೆಳಗೆ ಉರುಳಿದ ಸೆಲ್

ಕೇಶ್ವಾಪುರದ ಕ್ಲಿನಿಕ್ಕಿನಲ್ಲಿ ಪಾಳಿ ಕಾಯುತ್ತ, ಮೊಮ್ಮಗಳ ಹಾಡುವ ಬಾತುಕೋಳಿ ಗೊಂಬೆಗೆ ಸೆಲ್ ಬದಲಿಸುತ್ತಿದ್ದೆ. ಅಂಗಿಯ ಗುಂಡಿಯಷ್ಟಿದ್ದ ಹಳೆಯ ಸೆಲ್ ಕೈಜಾರಿ ಬೆಂಚುಗಳ ಕೆಳಗೆ ಉರುಳಿತು. ಹುಡುಕಲು ಬಗ್ಗಿದ ಪಕ್ಕದ ಯುವತಿಗೆ, “ಬಿಡವಾ, ಅದು ಖಾಲಿ ಆಗೇತಿ,” ಎಂದೆ.

ಬುರ್ಖಾ ತೊಟ್ಟಿದ್ದ ಆಕೆ ತನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿದಳು. “ಖಾಲಿ ಆದ್ರೂ ಬಿಡಬಾರದ್ರಿ ಅಮ್ಮಾರ. ಸಣ್ಣ ಕೂಸು ನುಂಗಿತಂದ್ರ ಒಳಗ ಗಂಟಲಾ ಸುಡತೈತ್ರಿ.”

ಕೂತವರೆಲ್ಲರ ಕಾಲು ಎತ್ತಿಸಿ, ಮೊಣಕಾಲೂರಿ ನೆಲವನ್ನೆಲ್ಲ ತಡವಿದಳು. ಆಕೆಯ ಪಾಳಿ ಬಂದಾಗ ತನ್ನ ನಂತರದವರನ್ನು ಒಳಗೆ ಕಳಿಸಿದಳು. ಕೊನೆಗೆ ಬಾಗಿಲ ಬಳಿಯ ಚಪ್ಪಲಿಗಳ ನಡುವೆ ಸೆಲ್ ಸಿಕ್ಕಿತು. ಕಾಂಪೌಂಡರರಿಂದ ಟೇಪು ಇಸಿದುಕೊಂಡು ಅದಕ್ಕೆ ಸುತ್ತಿ ನನ್ನ ಕೈಗಿಟ್ಟಳು.

ಆಕೆಯ ಹೆಸರನ್ನೂ ನಾನು ಕೇಳಲಿಲ್ಲ. ಆ ಕೋಣೆಗೆ ಇನ್ನೂ ಬಾರದ ಯಾವುದೋ ಕೂಸಿಗಾಗಿ ಧೂಳಾದ ಆ ಕೈಗಳು ಇಂದಿಗೂ ಕಣ್ಣ ಮುಂದಿವೆ.