ಹೊಲದ ಕೊನೆಯ ಬಾಡಿಗೆದಾರರು

ವರ್ತೂರಿನಲ್ಲಿ ನಾನು ಬಾಡಿಗೆಗಿರುವ ಕೋಣೆಯ ಹಿಂದೆ, ಅಪಾರ್ಟ್‌ಮೆಂಟುಗಳ ನಡುವೆ, ಮನೆ ಒಡತಿ ವಸಂತಮ್ಮನವರ ರಾಗಿ ಹೊಲದ ಒಂದು ತುಂಡು ಉಳಿದಿತ್ತು. ಕೊಯ್ಲು ಮುಗಿದ ಮೇಲೆ ಸಂಜೆ ಹೊತ್ತು ಅವರು ಅಲ್ಲಿ ಹಾರೆ ಹಿಡಿದು ನೆಲ ಕುಟ್ಟುತ್ತಿದ್ದರು. ಕೆರೆಯ ಕಡೆಯಿಂದ ಮಂಜು ಬಂದು ಕೂಳೆಗಳ ಮೇಲೆ ಮಲಗುವಾಗ ಆ ಸದ್ದು ಭೂಮಿಯ ಎದೆಬಡಿತದಂತೆ ಕೇಳುತ್ತಿತ್ತು. ನಾನು ಮಾತ್ರ ಹೆದರಿದೆ. ಕೇಳದೆ ಗೋಡೆಗೆ ಮೊಳೆ ಹೊಡೆದಿದ್ದೆ. ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಹಿಡಿದುಕೊಂಡು ನನ್ನನ್ನು ಹೊರಗೆ ಕಳಿಸುವ ಮುನ್ಸೂಚನೆ ಈ ಕುಟ್ಟಾಟ ಇರಬೇಕು ಎಂದುಕೊಂಡೆ.

ಈ ಸದ್ದು ನನ್ನನ್ನು ಓಡಿಸುವುದಕ್ಕೇನಾ ಎಂದು ಕೊನೆಗೆ ಕೇಳಿಯೇಬಿಟ್ಟೆ.

"ನಿಂಗಲ್ಲಪ್ಪ, ಇಲಿಗೆ," ಅಂದರು. "ಜೆಸಿಬಿ ಬತ್ತದೆ. ಒಳಗೆ ಮರಿ ಅವೆ. ನೆಲ ಅದುರಿದ್ರೆ ಎತ್ಕೊಂಡು ಹೋಯ್ತವೆ. ಬಾಡಿಗೆಯೋರಿಗೂ ಮುಂಚೆ ಹೇಳ್ತೀವಲ್ಲ?"

ಮಗ ಲೋಕೇಶ್ ಅಲ್ಲಿ ಮನೆಗಳನ್ನು ಕಟ್ಟಿಸುವವನಿದ್ದ. ಅದಕ್ಕೆ ಅಮ್ಮನ ತಕರಾರಿಲ್ಲ. ಬಿಲದ ಸಂಸಾರ ಜೀವಂತ ಹೂತುಹೋಗಬಾರದು, ಅಷ್ಟೇ. ರಾಗಿ ಕಳ್ಳರೆಂದು ಅವರು ಜೀವಮಾನವಿಡೀ ಬೈದದ್ದು ಇದೇ ಇಲಿಗಳನ್ನು.

ಬದುವಿನ ಮೇಲೆ ಕೂತು ಬಿಲದ ಒಳಮನೆಯನ್ನು ವರ್ಣಿಸಿದರು. ಮುಂದೆ ಮಣ್ಣು ಗುಡ್ಡೆಹಾಕಿದ ಬಾಯಿ. ಒಳಗೆ ತೆನೆ ಕೂಡಿಡುವ ಗೂಡು, ಅದರಾಚೆ ಒಣಹುಲ್ಲು ಹಾಸಿದ ಮರಿಗಳ ಕೋಣೆ. ಹದ್ದು ಸುತ್ತಿದರೆ ಎಲ್ಲ ಒಳಗೆ. ಕೇರೆಹಾವು ಒಳಗೇ ನುಗ್ಗಿದರೆ ಹಿಂದೊಂದು ಕಳ್ಳದಾರಿ. ಒಳಗಿನಿಂದ ತೆಳ್ಳಗೆ ಮಣ್ಣು ಮೆತ್ತಿರುತ್ತವೆ, ಒಡೆದುಕೊಂಡು ಪರಾರಿ. ನನಗೆ ಆಫೀಸು ನೆನಪಾಯಿತು. ಮ್ಯಾನೇಜರ್ ಬಂದರೆ ನನಗಿರುವ ಬಿಲ ಶೌಚಾಲಯವೊಂದೇ, ಅದಕ್ಕೂ ಹಿಂಬಾಗಿಲಿಲ್ಲ.

ಅಂದಿನಿಂದ ಕೊರಳಲ್ಲಿ ಐಡಿ ಕಾರ್ಡ್ ತೂಗಾಡಿಸಿಕೊಂಡು ನಾನೂ ಕುಟ್ಟಿದೆ.

"ಮೆಲ್ಲಗೆ ಕಣಪ್ಪ. ಬಿಲ ಕುಸಿದ್ರೆ ನೀನೇ ಹಾವು," ಅಂದರು.

ಜೆಸಿಬಿ ಹೇಳಿದ ದಿನಕ್ಕಿಂತ ಮೊದಲೇ ಬಂತು. ಮಂಜಿನೊಳಗೆ ಅದರ ಹಳದಿ ಕೈ ಮೇಲೆದ್ದಾಗ ವಸಂತಮ್ಮ ಬಿಲದ ಮುಂದೆ ಹೋಗಿ ನಿಂತರು. ಇಲಿಗೋಸ್ಕರ ಗಾಡಿ ನಿಲ್ಲಿಸಿದರೆ ಊರು ನಗುತ್ತದೆ ಎಂದು ಲೋಕೇಶ್ ಗೊಣಗಿದ. ಡ್ರೈವರ್ ಮುತ್ತು ಇಂಜಿನ್ ಆರಿಸಿದ.

ವಸಂತಮ್ಮನವರೇ ಹಾರೆಯಿಂದ ಬಿಲದ ಮಣ್ಣು ಬಿಡಿಸಿದರು. ತೆನೆಯ ಗೂಡು ಅರ್ಧ ಹಾಗೇ ಇತ್ತು. ಹುಲ್ಲಿನ ಕೋಣೆ ಖಾಲಿ. ಹಿಂದಿನ ಬಾಗಿಲಿನ ಮಣ್ಣು ಹೊರಮುಖವಾಗಿ ಉದುರಿತ್ತು. ವಸಂತಮ್ಮ ಹುಲ್ಲಿನೊಳಗೆ ಅಂಗೈ ಇಟ್ಟರು.

"ಇನ್ನೂ ಬೆಚ್ಚಗದೆ."

ಆಮೇಲೆ ತೆನೆಗಳನ್ನು ಬಾಚಿ ಒಂದಿಷ್ಟು ಮಡಿಲಿಗೆ ಹಾಕಿಕೊಂಡು, ಉಳಿದದ್ದನ್ನು ಕೆರೆಯ ಕಡೆಯ ಬದುವಿನಾಚೆಗೆ ಚೆಲ್ಲಿ ಬಂದರು.

"ಅವುಗಳ ಅಡ್ವಾನ್ಸು," ಅಂದರು ನನ್ನ ಕಡೆ ತಿರುಗಿ. "ಬಣ್ಣದ ಖರ್ಚು ಹಿಡ್ಕೊಂಡಿವ್ನಿ."