ಬೀಗರ ದಾರಿ ನೋಡುತ್ತಿದ್ದ ಬಸಣ್ಣ

ತನ್ನ ವೆಬ್‌ಸೈಟಿಗೆ ಬಂದವರನ್ನೆಲ್ಲ ಬಸಣ್ಣ ‘ಬೀಗರು’ ಎನ್ನುತ್ತಿದ್ದ. ಅವರು ಯಾವ ಪುಟದಿಂದ ಯಾವ ಪುಟಕ್ಕೆ ಹೋದರೆಂಬುದು ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಮೂಡುತ್ತಿತ್ತು. “ಕಾಕಾ, ಬೀಗರು ಹಾನಗಲ್ಲಿನ ಮನಿ ಹೊಕ್ಕರು ನೋಡ್ರಿ! ಚಾಕ್ಕ ಇಡ್ರಿ,” ಎಂದು ನನಗೆ ಹೇಳಿ ನಗುತ್ತಿದ್ದ. ಯಾರಾದರೂ ಲಿಂಕ್ ಒತ್ತಿದ ಕೂಡಲೇ ಹಿಂದೆ ಸರಿದರೆ ಮುಖ ಬಾಡುತ್ತಿತ್ತು. “ಹೊಳ್ಳಿ ಹ್ವಾದ್ರಲ್ರೀ. ಎಲ್ಲೋ ಬಾಗಲಾ ಮುಚ್ಚೇತಿ.” ಆ ಕೆಟ್ಟ ಲಿಂಕ್ ಸಿಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ.

ಸವಣೂರಿನ ಅವನ ಸಣ್ಣ ಅಂಗಡಿಯಿಂದ ನಡೆಯುತ್ತಿದ್ದ ಆ ಸೈಟಿನಲ್ಲಿ ನಮ್ಮ ನಾಲ್ಕು ತಾಲೂಕುಗಳ ಬಾಡಿಗೆ ಗಾಡಿಯವರ ಫೋನ್ ನಂಬರುಗಳು ತಾಲೂಕಿಗೊಂದು ಪುಟದಂತೆ ಇದ್ದವು. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಕನ್ನಡ ತಿದ್ದುವ ಹಮ್ಮಿನಿಂದ ಅಲ್ಲಿ ಹೋಗಿ ಕೂರುತ್ತಿದ್ದೆ.

ಒಮ್ಮೆ ಬಸಣ್ಣ ಕಾಮಾಲೆಯಾಗಿ ಹತ್ತಿಮತ್ತೂರಿನ ಮನೆಯಲ್ಲಿ ಮಲಗಿದ್ದ. ಅಂಗಡಿ ನೋಡಿಕೊಳ್ಳುತ್ತಿದ್ದ ನನ್ನ ಕಣ್ಣಿಗೆ ಒಂದು ಕಡೆ ‘ಶಿಗ್ಗಾಂವ’ ಎಂದಿದ್ದು ಬಿತ್ತು. ತಪ್ಪೆಂದುಕೊಂಡು ‘ಶಿಗ್ಗಾಂವಿ’ ಮಾಡಿದೆ. ಅದು ಊರಿನ ಹೆಸರಲ್ಲ, ಪುಟದ ವಿಳಾಸ, ಒಂದಕ್ಷರ ಬದಲಾದರೂ ಪುಟ ತೆರೆಯುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ.

ಬಸಣ್ಣ ಎದ್ದು ಬಂದು ಕಂಪ್ಯೂಟರಿನ ಮುಂದೆ ಕುಳಿತ ದಿನವೇ ಶಿಗ್ಗಾಂವಿಯ ಚಾಲಕರು ಬಂದರು. ಅವರಿಗೆ ಬಾಡಿಗೆಯ ಫೋನ್ ಬರುವುದೇ ನಿಂತುಹೋಗಿತ್ತು. ಅವರಲ್ಲಿ ದುಂಡಸಿಯವನೊಬ್ಬ ಕೂಗಾಡಿದ: “ನಿನ್ನ ಅಳಿಯಾನ ಗಾಡಿ ಸವಣೂರಾಗ ಐತಿ. ನಮ್ಮ ಬಾಡಿಗಿ ಅವಂಗ ತಿರುಗ್ಸಿದೇನಲೇ?”

ಬಸಣ್ಣ ಗೆರೆಗಳನ್ನು ನೋಡಿದ. ಶಿಗ್ಗಾಂವಿಗೆ ಹೊರಟವರೆಲ್ಲ ಒಂದೇ ಕಡೆಯಿಂದ ಹಿಂದಿರುಗಿದ್ದರು. ಲಿಂಕ್ ತೆರೆದು ಓದಿದ. “ಕಾಕಾ, ನೀವೇನರ ಮುಟ್ಟಿದ್ರೇನ್ರಿ?”

“ಇಲ್ಲಪ್ಪಾ,” ಎಂದೆ.

ಬಸಣ್ಣ ಚಾಲಕರ ಕಡೆ ತಿರುಗಿದ. “ನನ್ನ ಕೈಲೇ ತಪ್ಪಾಗೇತ್ರಪಾ.”

ಅದು ಬರೀ ತಪ್ಪೆಂದು ಯಾರೂ ನಂಬಲಿಲ್ಲ. ಒಬ್ಬೊಬ್ಬರಾಗಿ ಹೆಸರು ತೆಗೆಸಿದರು, ಸೈಟು ನಿಂತಿತು. ಬಸಣ್ಣ ಮಾತ್ರ ನನ್ನನ್ನು ಬಿಡಲಿಲ್ಲ. “ಬರ್ರಿ ಕಾಕಾ, ಕುಂತು ಮಾತಾಡೂಣು,” ಎಂದು ಕರೆಯುತ್ತಲೇ ಇದ್ದ. ಹೋಗುತ್ತಿದ್ದೆ, ಮಳೆ ಬೆಳೆ ಮಾತಾಡಿ ಎದ್ದು ಬರುತ್ತಿದ್ದೆ. ಕಾಮಾಲೆ ಮರುಕಳಿಸಿ ಅವನು ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಅವನ ಹೆಂಡತಿ ಗಂಗವ್ವನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಆಕೆ ಅಳಲಿಲ್ಲ.

“ಅವರಿಗೆ ಅವತ್ತ ಗೊತ್ತಾಗಿತ್ರಿ ಕಾಕಾ. ‘ಹಿರೇ ಮನಷ್ಯಾ, ಮಂದ್ಯಾಗ ತಲಿ ತಗ್ಗಸಬಾರದು’ ಅಂದ್ರು. ಒಬ್ಬರ ಇದ್ದಾಗ ನೀವಾಗೇ ಹೇಳ್ತೀರಂತ ಭಾಳ ದಿನಾ ಹಾದಿ ನೋಡಿದ್ರು.”