ಟೆಸ್ಟ್ ಅಂತ ಇದ್ದರೆ ಬಿಟ್ಟುಬಿಡು

ನಾನು ಓದಿದ್ದು ನಾಲ್ಕನೇ ಕ್ಲಾಸು. ಫೋನಿಗೆ ಕನ್ನಡದಲ್ಲಿ ಬರುವ ಮೆಸೇಜನ್ನು ಅಕ್ಷರ ಕೂಡಿಸಿ ಓದುತ್ತೇನೆ. ಅದೂ ಬಾರದಿದ್ದರೆ ಚೆನ್ನಾಗಿತ್ತು, ಬೇರೆಯವರ ಕೈಲಿ ಓದಿಸುತ್ತಿದ್ದೆ.

ಮೊಮ್ಮಗಳು ಹೊಳೆನರಸೀಪುರದ ನಮ್ಮ ಮನೆಯಿಂದಲೇ ದಿನಾ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಬರುತ್ತಾಳೆ. ಸಣ್ಣ ಕಂಪನಿ. ಸಾಫ್ಟ್‌ವೇರ್ ಸರಿಯಿದೆಯೇ ಎಂದು ನೋಡುವ ಕೆಲಸ. ಇವಳು ಒಂದು ಸಲ ಬರೆದಿಟ್ಟರೆ ಕಂಪ್ಯೂಟರೇ ದಿನಾ ಬೆಳಗ್ಗೆ ತನ್ನಷ್ಟಕ್ಕೆ ಪರೀಕ್ಷೆ ಮಾಡಿಕೊಳ್ಳುತ್ತದಂತೆ. ಅಲ್ಲಿನ ಒಂದು ಕಣ್ಣಾಸ್ಪತ್ರೆಯ ಟೋಕನ್ ಸಾಫ್ಟ್‌ವೇರೂ ಅವರದೇ. ಪರೀಕ್ಷೆಗೆ ಯಾವುದಾದರೂ ಫೋನ್ ನಂಬರ್ ಬೇಕಿತ್ತು, ನನ್ನದನ್ನು ಹಾಕಿದಳು. ಕೇಳಲಿಲ್ಲ, ಹಾಕಿದಳು.

ಅದೇ ಆಸ್ಪತ್ರೆಗೆ ಅರಕಲಗೂಡಿನ ನನ್ನ ತಂಗಿಯನ್ನು ತೋರಿಸುತ್ತಿದ್ದೆವು. ಕಣ್ಣಿನೊಳಗೆ ಒತ್ತಡ ಏರಿದೆ, ಬೇಗ ಆಪರೇಷನ್ ಆಗಬೇಕು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳ ಹತ್ತಿರ ಫೋನಿಲ್ಲ. ಕರೆಯುವುದಕ್ಕೆ ನನ್ನ ನಂಬರನ್ನೇ ಕೊಟ್ಟೆವು.

ನಾಳೆ ಬನ್ನಿ ಎಂದು ಮೊದಲ ಮೆಸೇಜು ಬಂತು. ತಂಗಿ ಅಲ್ಲಿಂದ ಬಂದಳು, ನಾನು ಇಲ್ಲಿಂದ ಹೋದೆ. ಕೌಂಟರಿನ ಹುಡುಗಿ ಹುಡುಕಿ ಹುಡುಕಿ, ನಿಮ್ಮನ್ನು ಕರೆದೇ ಇಲ್ಲವಲ್ಲ ಅಂದಳು. ನನ್ನ ಫೋನು ಇಸಿದುಕೊಂಡು ಓದಿದಳು. ಕರೆದಿದ್ದು ಶ್ರೀಮತಿ ಟೆಸ್ಟ್ ಎಂಬುವವರನ್ನು.

ಸಾಯಂಕಾಲ ಮೊಮ್ಮಗಳಿಗೆ ಬೈದೆ. ಅವಳು ನಕ್ಕಳು.

"ಅಯ್ಯೋ, ಅದು ಸುಮ್ನೆ ಬರೋದು ಕಣಜ್ಜಿ. ಟೆಸ್ಟ್ ಅಂತ ಇದ್ರೆ ಬಿಟ್ಬುಡು."

ಆಮೇಲೆ ದಿನಾ ಬೆಳಗ್ಗೆ ಅದೇ ಗೋಳು. ಬನ್ನಿ, ಬರಬೇಡಿ, ಟೋಕನ್ ಆಗಿದೆ, ಟೋಕನ್ ರದ್ದಾಗಿದೆ. ಎಲ್ಲಾ ಬಿಟ್ಟೆ. ಒಂದು ದಿನ, ಆಪರೇಷನ್‌ಗೆ ಮೊದಲಿನ ಟೆಸ್ಟ್ ಸೋಮವಾರ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಬಂತು. ಹೆಸರಿರಲಿಲ್ಲ, ಬರೀ ಟೋಕನ್ ನಂಬರಿತ್ತು. ಟೆಸ್ಟ್ ಅಂತ ಕಂಡಿತು. ಅದನ್ನೂ ಬಿಟ್ಟೆ.

ಇನ್ನೂ ಯಾಕೆ ಕರೆಯಲಿಲ್ಲ ಎಂದು ನಾವೇ ಹೋಗಿ ಕೇಳುವ ಹೊತ್ತಿಗೆ ಅವಳ ಸರದಿ ಬೇರೆಯವರಿಗೆ ಹೋಗಿತ್ತು. ಕೊನೆಗೆ ಆಪರೇಷನ್ ಆಯಿತು. ಅಷ್ಟರಲ್ಲಿ ಬಲಗಣ್ಣು ಹೋಗಿತ್ತು.

ಮೊಮ್ಮಗಳು ಆಫೀಸಿನಲ್ಲಿ ನೋಡಿಕೊಂಡು ಬಂದು ಮೆಲ್ಲಗೆ ಹೇಳಿದಳು: "ನಮ್ ಕಡೆ ಎಲ್ಲಾ ಪಾಸಾಗಿತ್ತು ಅಜ್ಜಿ. ಮೆಸೇಜ್ ಓಗಿದೆ."

ಹೋಯಿತೇ ಎಂದಷ್ಟೇ ಅವರ ಕಂಪ್ಯೂಟರ್ ನೋಡುತ್ತದೆ. ಕರೆದ ರೋಗಿ ಬಂದರೇ ಎಂದು ನೋಡುವುದಕ್ಕೆ ಯಾರೂ ಅದಕ್ಕೆ ಹೇಳಿಲ್ಲ. ಪರೀಕ್ಷೆಗೆ ಕಂಪ್ಯೂಟರಿನೊಳಗೆ ಬೇರೆಯದೇ ಜಾಗ ಇರಬೇಕಂತೆ. ಅಲ್ಲಿ ಸುಳ್ಳು ರೋಗಿ, ಸುಳ್ಳು ನಂಬರ್; ಅಲ್ಲಿಂದ ಒಂದು ಮೆಸೇಜೂ ಆಚೆ ಬರಬಾರದಂತೆ. ಇವಳು ಕೇಳಿದ್ದಳಂತೆ, ಆಮೇಲೆ ನೋಡೋಣ ಎಂದು ಕಂಪನಿಯ ಯಜಮಾನ ತಳ್ಳಿದನಂತೆ. ಹೇಳುತ್ತಾ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಊಟಕ್ಕೆ ಬಡಿಸಿದೆ, ಅಷ್ಟೆ.

ತಂಗಿ ಅಳಲಿಲ್ಲ. "ಅವರ ಮಿಶಿನ್ನು ಪಾಸಾಯ್ತು, ನನ್ ಕಣ್ಣು ಫೇಲಾಯ್ತು. ಯಾರಿಗೇಳಾನ ಕಣಕ್ಕ" ಅಂದಳು.

ಈಗ ಪರೀಕ್ಷೆಗೆ ಬೇರೆ ಜಾಗ ಮಾಡಿದ್ದಾರೆ. ಆ ಮೆಸೇಜುಗಳು ನಿಂತಿವೆ. ಎಡಗಣ್ಣನ್ನಾದರೂ ಉಳಿಸಿಕೊಳ್ಳಲಿ ಎಂದು ತಂಗಿಯನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಫೋನು ಟಿಣ್ ಅಂದರೆ ಸಾಕು, ಕಾಣುವ ಕಣ್ಣನ್ನು ನನ್ನ ಕಡೆ ತಿರುಗಿಸುತ್ತಾಳೆ.

"ನೋಡಕ್ಕ, ನಂದಾ, ಇಲ್ಲಾ ಆ ಟೆಸ್ಟಮ್ಮಂದಾ?"

ಸಾಲ ಬೇಕೇ ಎಂದು ಕೇಳುವ ಮೆಸೇಜನ್ನೂ ಕೊನೆಯ ಅಕ್ಷರದವರೆಗೆ ಓದಿಯೇ ಅವಳಿಗೆ ಉತ್ತರ ಹೇಳುತ್ತೇನೆ.